ಸೋತವರ ಹೆಸರಿನ ಮೈಸೂರು ಪಾಕು

ಪತ್ರಿಕೆ ಕೈಗೆ ಬಂದ ತಕ್ಷಣ ಅವರು ಓದುತ್ತಿರಲಿಲ್ಲ. ಒಂದು ಹಾಳೆಯನ್ನು ಬೇರೆ ಮಾಡಿ, ಅದರ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಎಡಗಿವಿಯ ಹತ್ತಿರ ತಂದು ಅಲುಗಿಸುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ಹಾಳೆ ಗರಗರ ಸದ್ದು ಮಾಡಿದರೆ ತಲೆಯಾಡಿಸುತ್ತಿದ್ದರು. ಸದ್ದು ಸಪ್ಪೆಯಾಗಿದ್ದರೆ "ಥೂ, ಒದ್ದೆ ಬಟ್ಟೆ" ಎಂದು ಗೊಣಗುತ್ತಿದ್ದರು. ಆಮೇಲೆ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸುದ್ದಿಯ ಸರದಿ ಬರುತ್ತಿದ್ದುದು ಇದೆಲ್ಲ ಮುಗಿದ ಮೇಲೆ.

ಅವರು ಭದ್ರಾವತಿಯ ಕಾಗದನಗರದಲ್ಲಿ ನಮ್ಮ ಎದುರುಮನೆಯವರು. ನಾನು ಮಾಮ ಎನ್ನುತ್ತಿದ್ದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗಿ ಹೊರಬರುವ ಯಂತ್ರದ ಮೇಲೆ ಒಂದು ಪಾಳಿಯ ಮುಖ್ಯಸ್ಥರಾಗಿದ್ದರು. ನನ್ನ ಅಪ್ಪ ಅದೇ ಕಾರ್ಖಾನೆಯ ಆಫೀಸಿನಲ್ಲಿದ್ದರು. ಕ್ವಾರ್ಟರ್ಸಿನ ಮಕ್ಕಳಿಗೆ ಮಾಮ ಕಲಿಸಿದ ಆಟವೂ ಕಾಗದದ್ದೇ. ಹಳೆಯ ಪತ್ರಿಕೆಯ ಚೂರು ಕೊಟ್ಟು, ಯಾವ ಕಡೆಯಿಂದ ಹರಿದರೆ ನೇರವಾಗಿ ಹರಿಯುತ್ತದೆ ಎಂದು ಕೇಳುತ್ತಿದ್ದರು. ಒಂದು ಕಡೆಯಿಂದ ಹರಿದರೆ ಗೆರೆ ಎಳೆದಂತೆ ಬರುತ್ತದೆ, ಇನ್ನೊಂದು ಕಡೆಯಿಂದ ಹಲ್ಲುಹಲ್ಲಾಗಿ. ಹರಿಯುವ ಮೊದಲೇ ಹೇಳಬೇಕು. ನಾನು ಮಾತು ಕಡಿಮೆಯವಳು, ಗೊತ್ತಿದ್ದರೂ ಸುಮ್ಮನಿರುತ್ತಿದ್ದೆ. "ಇವಳಿಗೆ ಗೊತ್ತು, ಬಾಯಿ ಬಿಡಲ್ಲ ಅಷ್ಟೇ, ಕಳ್ಳಿ" ಎನ್ನುತ್ತಿದ್ದರು. ಹಾಗೆ ಒಬ್ಬರಾದರೂ ನನ್ನನ್ನು ಕಂಡುಹಿಡಿದರಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಯಾರಾದರೂ ಗಾಳಿಸುದ್ದಿ ತಂದರೆ ಅವರ ಪ್ರಶ್ನೆ ಒಂದೇ: "ಬೆಳಕಿಗೆ ಹಿಡಿದ್ಯಾ?" ಯಾರದೋ ಮಗಳು ಓಡಿಹೋದಳಂತೆ, ಬೋನಸ್ ಬರುವುದಿಲ್ಲವಂತೆ, ಎಲ್ಲಕ್ಕೂ ಅದೇ ಪ್ರಶ್ನೆ. ಕ್ವಾರ್ಟರ್ಸಿನಲ್ಲಿ ಅದು ನಗೆಮಾತಾಗಿಬಿಟ್ಟಿತ್ತು. ಅವರು ದೂರದಲ್ಲಿ ಬರುತ್ತಿದ್ದಂತೆ, "ಏಯ್ ಸುಮ್ನಿರ್ರೋ, ಟಾರ್ಚು ಬಂತು" ಎನ್ನುವವರಿದ್ದರು.

ನಾನು ಹುಟ್ಟುವ ಮೊದಲು ಮಾಮ ಕೆಲವು ವರ್ಷ ಆಫ್ರಿಕಾದ ಒಂದು ದೇಶದಲ್ಲಿದ್ದರು. ಅಲ್ಲಿ ಹೊಸದಾಗಿ ಶುರುವಾಗಿದ್ದ ಕಾಗದ ಕಾರ್ಖಾನೆಯಲ್ಲಿ ಕೆಲಸ ಕಲಿಸಲು ಹೋಗಿದ್ದರು. ಆ ದೇಶದ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಬರೆದರೆ ಓದುವವರ ಕಣ್ಣಿಗೆ ಟಿವಿಯಲ್ಲಿ ಎಂದೋ ಕಂಡ ಚಿತ್ರ ಮೊದಲು ಬರುತ್ತದೆ, ಮಾಮ ಆಮೇಲೆ ಬರುತ್ತಾರೆ. ಅವರಂತೂ ಅದನ್ನು "ನಮ್ಮ ಆ ಊರು" ಎಂದೇ ಕರೆಯುತ್ತಿದ್ದರು. ಅವರ ಹೆಂಡತಿ, ನನ್ನ ಪಾಲಿಗೆ ಅತ್ತೆ, ರೇಗಿಸುತ್ತಿದ್ದರು: "ಆ ಊರಿಂದ ಒಂದು ಸುದ್ದಿ ಬಂದ್ರೆ ಸಾಕು, ಇವ್ರಿಗೆ ಊಟ ಸೇರಲ್ಲ. ನಂಗೆ ತೀರ್ಥಹಳ್ಳಿ ತವರು, ಇವ್ರಿಗೆ ಅದು."

ಇಸ್ತ್ರಿ ಇಲ್ಲದ ಅಂಗಿಯಲ್ಲಿ ಅವರನ್ನು ಯಾರೂ ನೋಡಿರಲಿಲ್ಲ. ತರಕಾರಿ ತರಲೂ ಇಸ್ತ್ರಿ ಅಂಗಿಯೇ. ಒಮ್ಮೆ ಕಾರಣ ಕೇಳಿದೆ. "ಅಲ್ಲಿ ಅಭ್ಯಾಸ ಆಗೋಯ್ತಮ್ಮ" ಎಂದರು. "ನಾವಿದ್ದ ಊರಲ್ಲಿ ಇಂಡಿಯಾದೋನು ನಾನೊಬ್ನೇ. ಸಂತೆಗೆ ಹೋದ್ರೆ ಇಡೀ ಇಂಡಿಯಾ ಚೀಲ ಹಿಡ್ಕೊಂಡು ಹೋದಂಗೆ. ನಾನು ಸಾಲು ತಪ್ಪಿಸಿ ನುಗ್ಗಿದ್ರೆ ಇಂಡಿಯಾ ನುಗ್ತು. ನಾನು ಚೌಕಾಸಿ ಮಾಡಿ ಜಗಳ ಆಡಿದ್ರೆ ಇಂಡಿಯಾ ಜಗಳಗಂಟಿ. ತುಂಬಾ ಭಾರ ಕಣೇ ಅದು." ಭಾರ ಎನ್ನುವಾಗ ಅವರ ಮುಖದಲ್ಲಿದ್ದದ್ದು ಹೆಮ್ಮೆ. ಆ ಭಾರವನ್ನು ಅವರು ಊರಿಗೆ ಬಂದ ಮೇಲೂ ಇಳಿಸಿರಲಿಲ್ಲ. ಈ ಸಲ ಮಾತ್ರ ಹೊತ್ತದ್ದು ಆ ಊರನ್ನು.

ಕಾರ್ಖಾನೆ ನಿಂತ ಮೇಲೆ ಕಾಗದನಗರದಿಂದ ಒಂದೊಂದೇ ಮನೆ ಖಾಲಿಯಾಯಿತು. ಮಾಮ ಮತ್ತು ಅತ್ತೆ ಭದ್ರಾವತಿಯಲ್ಲೇ ಬೇರೆ ಮನೆ ಮಾಡಿದರು. ನಾವು ಶಿವಮೊಗ್ಗದ ರಾಗಿಗುಡ್ಡಕ್ಕೆ ಬಂದೆವು. ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆಗೆ ಮಹಡಿಯ ಮೇಲೊಂದು ರೂಮಿತ್ತು, ಬಾಡಿಗೆಗೆಂದೇ ಕಟ್ಟಿಸಿದ್ದು. ನಾನು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ಮಾಚೇನಹಳ್ಳಿಯ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಮಾಚೇನಹಳ್ಳಿ ಎರಡೂ ಊರಿನ ನಡುವೆ. "ನೀನು ನಮ್ಮಿಬ್ರ ಮನೆ ಮಧ್ಯ ಕೂತಿದೀಯ, ನ್ಯಾಯ ಹೇಳಕ್ಕೆ" ಎಂದು ಮಾಮ ಫೋನಿನಲ್ಲಿ ನಗುತ್ತಿದ್ದರು.

ಆ ಹುಡುಗಿಯನ್ನು ನಮ್ಮ ಮನೆಗೆ ಕರೆತಂದವರು ಅವರೇ. ಭದ್ರಾವತಿಯಿಂದ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಯಾರೋ ಫೋನಿನಲ್ಲಿ ಮಾತಾಡುವುದು ಕೇಳಿಸಿತಂತೆ. ಭಾಷೆ ಆ ಊರಿನದು! ಎಷ್ಟೋ ವರ್ಷದಿಂದ ಬಾಯಲ್ಲಿ ಆಡದ ಮಾತಿನಲ್ಲಿ ಮಾಮ "ಮನೆಯಲ್ಲೆಲ್ಲ ಕ್ಷೇಮವೇ?" ಎಂದರಂತೆ. ಆ ಹುಡುಗಿ ಬೆಚ್ಚಿ ತಿರುಗಿ, ಇಸ್ತ್ರಿ ಅಂಗಿಯ ಈ ಮುದುಕರನ್ನು ನೋಡಿ, ಫೋನು ಕೆಳಗೆ ಬೀಳಿಸಿದಳಂತೆ. ಕೃಷಿ ವಿಜ್ಞಾನ ಓದಲು ಶಿವಮೊಗ್ಗಕ್ಕೆ ಬಂದವಳು. ರೂಮಿಗಾಗಿ ಅಲೆದು ಸುಸ್ತಾಗಿದ್ದಳು. ಬಸ್ ಸ್ಟ್ಯಾಂಡಿನಿಂದ ಮಾಮ ಅವಳನ್ನು ನೇರ ನಮ್ಮ ಮನೆಗೇ ಕರೆತಂದರು.

ಅಮ್ಮ ಮೊದಮೊದಲು ಅನುಮಾನಿಸಿದರು. ಆಮೇಲೆ ಇಬ್ಬರಿಗೂ ಹೊಂದಿತು. ಅಮ್ಮ ನನ್ನ ಜೊತೆ ಮಾತಾಡುವುದನ್ನು ಕೇಳಿಯೇ ಅವಳು ಕನ್ನಡ ಕಲಿತಳು, ಹಾಗಾಗಿ ಅಮ್ಮನನ್ನೂ ಮಾರಾಯ್ತಿ ಎನ್ನುತ್ತಿದ್ದಳು. "ನೀರು ಬಂತು ಮಾರಾಯ್ತಿ!" ಎಂದು ಅವಳು ಮೇಲಿನಿಂದ ಕೂಗಿದರೆ ಅಮ್ಮ ನಗುತ್ತಾ ಮೋಟಾರು ಹಾಕಲು ಓಡುತ್ತಿದ್ದರು.

ಮರುವರ್ಷ ಅವಳ ದೇಶದಲ್ಲಿ ಅಧ್ಯಕ್ಷರ ಚುನಾವಣೆ ಬಂತು. ಮತದಾನ ಮುಗಿದು ಎಣಿಕೆ ನಡೆಯುತ್ತಿದ್ದಾಗ ನಮ್ಮ ಬೀದಿಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೊ ಬಂತು. ಉರಿಯುವ ಟಯರುಗಳು, ಓಡುವ ಜನ, ಕೆಳಗೆ ಆ ದೇಶದ ಹೆಸರು. ಎಂದಿನದು, ಎಲ್ಲಿನದು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಆಚೆಯಿಂದಲೇ ಶುರುಮಾಡಿದರು.

"ನೋಡಿದ್ರೇನ್ರೀ? ನಿಮ್ಮ ಹುಡುಗಿ ದೇಶ ಹತ್ಕೊಂಡು ಉರೀತಿದೆ. ನಾಳೆ ಅವಳಿಗೆ ಮನೆಯಿಂದ ದುಡ್ಡು ಬರೋದು ನಿಂತ್ರೆ? ಪೊಲೀಸ್ನೋರು ಬಂದು ನಿಮ್ಮ ಬಾಗ್ಲಲ್ಲಿ ನಿಂತ್ರೆ?"

"ಅವ್ಳೇನ್ ಮಾಡ್ತಾಳೆ ಪಾಪ" ಎಂದರು ಅಮ್ಮ. ದನಿಯಲ್ಲಿ ಗಟ್ಟಿತನವಿರಲಿಲ್ಲ.

"ಅವ್ಳೇನೂ ಮಾಡಲ್ಲ ಮಾರಾಯ್ತಿ. ಆದ್ರೆ ಆ ಕಡೆ ಎಲ್ಲ ಹಂಗೇ ಅಲ್ವಾ? ನಿಮ್ಮನೇಲೂ ವಯಸ್ಸಿಗೆ ಬಂದ ಹುಡುಗಿ ಇದಾಳೆ."

ಸಂಜೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು: "ಈ ತಿಂಗಳು ಮುಗಿದ ಮೇಲೆ ಬೇರೆ ರೂಮು ನೋಡ್ಕೊಳ್ಳಕ್ಕೆ ಹೇಳ್ಬಿಡು. ನಿನಗಾದ್ರೆ ಇಂಗ್ಲಿಷ್ ಬರತ್ತೆ. ಬೇಜಾರಾಗ್ದಂಗೆ ಹೇಳು." ಬೇಜಾರಾಗದಂತೆ ಅದನ್ನು ಹೇಳುವ ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ನಾನು ಮಾಮನಿಗೆ ಫೋನು ಮಾಡಿದೆ.

ಮರುದಿನವೇ ಬಂದರು. ಅವರು ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಕಾರ್ಖಾನೆ ನಿಂತಾಗಲೂ ಒಬ್ಬರ ಬಾಗಿಲಿಗೆ ಹೋದವರಲ್ಲ. ಅಂದು ನಮ್ಮ ಹಾಲಿನಲ್ಲಿ ಕುಳಿತು, ಅಮ್ಮ ಕೊಟ್ಟ ಕಾಫಿಯನ್ನು ಮುಟ್ಟದೆ, "ನಿನ್ನ ಹತ್ರ ಒಂದು ಕೇಳಕ್ಕೆ ಬಂದಿದೀನಮ್ಮ" ಎಂದರು. ಅಮ್ಮ ಗಾಬರಿಯಾದರು.

"ಅಯ್ಯೋ, ಹೇಳಿ ಅಣ್ಣ."

"ನಾನು ಆ ಊರಿಗೆ ಹೋದ ಹೊಸದು. ಒಬ್ಳು ವಿಧವೆ, ಸ್ಕೂಲಲ್ಲಿ ಅಡುಗೆ ಮಾಡೋಳು, ನಂಗೆ ರೂಮು ಕೊಟ್ಟಿದ್ಲು. ಒಂದಿನ ರೇಡಿಯೋದಲ್ಲಿ ಬಂತು, ಇಂಡಿಯಾದಲ್ಲಿ ಗಲಾಟೆ, ಕೊಲೆ, ಬೆಂಕಿ. ಅಕ್ಕಪಕ್ಕದೋರೆಲ್ಲ ಬಂದು ಅವಳಿಗೆ ಹೇಳಿದ್ರು, ಇವನ ದೇಶ ನೋಡು ಹೆಂಗಿದೆ, ಇವನನ್ನ ಯಾಕೆ ಇಟ್ಕೊಂಡಿದೀಯ ಅಂತ. ನಾನು ಒಳಗೆ ಪೆಟ್ಟಿಗೆ ಕಟ್ತಿದ್ದೆ. ಅವಳು ಏನ್ ಮಾಡಿದ್ಲು ಗೊತ್ತಾ? ಮನೇಲಿದ್ದ ಒಂದೇ ಒಂದು ಕುರ್ಚಿ ತಂದು ರೇಡಿಯೋ ಪಕ್ಕ ಹಾಕಿ ನನ್ನ ಕೂರಿಸಿದ್ಲು. ಅವನ ದೇಶದ ಸುದ್ದಿ, ಅವನು ಕೂತು ಕೇಳ್ಲಿ, ಏನಾಯ್ತು ಅಂತ ಆಮೇಲೆ ಅವನನ್ನೇ ಕೇಳಾಣ ಅಂದ್ಲು. ನೆರೆಯೋರು ನಿಂತೇ ಇದ್ರು. ನಾನು ಕೂತಿದ್ದೆ."

ಅಮ್ಮ ಸೆರಗಿನಿಂದ ಟೀಪಾಯಿ ಒರೆಸುತ್ತಿದ್ದರು. ಅದು ಒರೆಸಿದ್ದೇ ಆಗಿತ್ತು.

"ಬಿಡಿಸ್ಬೇಡ ಅಂತ ನಾನು ಹೇಳಲ್ಲ. ಮನೆ ನಿಂದು" ಎಂದರು ಮಾಮ. "ಫಲಿತಾಂಶ ಬರೋವರೆಗೆ ಆ ಮಗೂಗೆ ಟಿವಿ ಮುಂದೆ ಒಂದು ಕುರ್ಚಿ ಹಾಕು. ಅಷ್ಟೇ. ಆಮೇಲೆ ನಿನಗೆ ಹೆಂಗನ್ಸತ್ತೋ ಹಂಗೆ."

ಅಮ್ಮ ಆರಿದ ಕಾಫಿಯನ್ನು ಒಳಗೆ ಒಯ್ದು ಬಿಸಿ ಮಾಡಿ ತಂದರು. ಸಂಜೆ, ಅಪ್ಪ ಕೂರುವ ಬೆತ್ತದ ಕುರ್ಚಿಯನ್ನು ಟಿವಿಯ ಮುಂದಕ್ಕೆ ಎಳೆದು, ಮೆಟ್ಟಿಲ ಬುಡದಲ್ಲಿ ನಿಂತು ಅವಳನ್ನು ಕೂಗಿ ಕರೆದರು.

ನಮ್ಮ ಚಾನೆಲ್ಲುಗಳಲ್ಲಿ ಆ ದೇಶದ ಸುದ್ದಿ ಎಲ್ಲಿ ಬರಬೇಕು? ನನ್ನ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ ಅವರದೇ ಚಾನೆಲ್ ಹಾಕಿದೆ. ಸೂಟು ತೊಟ್ಟ ಹೆಂಗಸೊಬ್ಬರು ಒಂದೊಂದೇ ಜಿಲ್ಲೆಯ ಎಣಿಕೆಯನ್ನು ನಿಧಾನವಾಗಿ ಓದುತ್ತಿದ್ದರು. ಮತಗಟ್ಟೆಗಳ ಚಿತ್ರ ಬಂತು. ಸಾಲಿನಲ್ಲಿ ನಿಂತ ಮುದುಕಿಯರು, ಬೆನ್ನಿಗೆ ಮಗು ಕಟ್ಟಿಕೊಂಡವರು, ಕೊಡೆ ಹಿಡಿದವರು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮ ಶಾಲೆ ಹತ್ರ ಇದ್ದಂಗೇ ಇದೆಯಲ್ಲೇ ಸಾಲು" ಎಂದರು. ಟಯರು ಉರಿಯುವ ಬೀದಿ ಎಲ್ಲಿ ಎಂದು ಅವಳನ್ನೇ ಕೇಳಿದರು. ಅವಳು ವಿಡಿಯೊ ನೋಡಿ, ಆ ಅಂಗಡಿಗಳ ಬೋರ್ಡು ತಮ್ಮ ಭಾಷೆಯದಲ್ಲ ಎಂದಳು. ಜೋರಾಗಿ ಹೇಳಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಆ ಬೋರ್ಡುಗಳನ್ನು ಬಹಳ ಹೊತ್ತು ನೋಡಿದರು.

ಫಲಿತಾಂಶ ಬಂದ ದಿನ ಭಾನುವಾರ. ಬೆಳಿಗ್ಗೆ ಮೇಲಿನ ರೂಮಿನಿಂದ ಅಳು ಕೇಳಿ ಅಮ್ಮ ಒಲೆ ಆರಿಸಿದರು. "ಅಲ್ಲಿ ಏನೋ ಆಯ್ತು ಕಣೇ" ಎನ್ನುತ್ತಾ ಮಹಡಿ ಹತ್ತಿದರು. ಆದದ್ದು ಇಷ್ಟು: ಅವಳ ತಂದೆ ದುಡಿಯುತ್ತಿದ್ದ ಪಕ್ಷ ಸೋತಿತ್ತು. ಸೋತ ಅಭ್ಯರ್ಥಿ ಅಧಿಕೃತ ಘೋಷಣೆಗೂ ಕಾಯದೆ ಗೆದ್ದವರಿಗೆ ಫೋನು ಮಾಡಿ ಅಭಿನಂದಿಸಿದ್ದರು. ಬೀದಿಗಳು ಶಾಂತವಾಗಿದ್ದವು.

ಮಧ್ಯಾಹ್ನದ ಹೊತ್ತಿಗೆ ಮಾಮ ಬಂದರು. ಕೈಯಲ್ಲಿ ದೊಡ್ಡ ಡಬ್ಬ, ಭದ್ರಾವತಿಯ ಬೇಕರಿಯ ಮೈಸೂರು ಪಾಕು. ಗೇಟಿನಲ್ಲೇ ಪಕ್ಕದ ಮನೆಯ ಆಂಟಿ ಸಿಕ್ಕಿದರು.

"ಏನ್ ವಿಶೇಷ ಸಾರ್? ಮೊಮ್ಮಗುನಾ?"

"ಅಲ್ಲಮ್ಮ, ನಮ್ಮ ಆ ಊರಲ್ಲಿ ಎಲೆಕ್ಷನ್ ಆಯ್ತಲ್ಲ, ಅದಕ್ಕೆ."

"ಓ, ನಿಮ್ಮೋರು ಗೆದ್ರಾ?"

"ಗೆದ್ದೋರು ಯಾರಾದ್ರೂ ಇರ್ಲಿ. ಸೋತೋರು ಸೋತೆ ಅಂದ್ರು. ಅದಕ್ಕೆ ಸ್ವೀಟು."

ಆಂಟಿ ಮೈಸೂರು ಪಾಕು ಹಿಡಿದು ಅರ್ಥವಾಗದೆ ನಿಂತರು. ಮಾಮ ಒಳಗೆ ಬಂದು, ಅತ್ತು ಕಣ್ಣು ಊದಿಸಿಕೊಂಡು ಬೆತ್ತದ ಕುರ್ಚಿಯಲ್ಲಿ ಕುಳಿತಿದ್ದ ಹುಡುಗಿಯ ಮುಂದೆ ಡಬ್ಬ ಹಿಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. "ನಾವು ಸೋತ್ವಿ" ಎಂದಳು, ಕನ್ನಡದಲ್ಲಿ.

"ಹೌದಲ್ಲ. ಫೋನು ಮಾಡಿದ್ದು ನಿಮ್ಮೋರೇ ತಾನೆ?" ಎಂದರು ಮಾಮ. "ಗೆದ್ದೋರ ಹೆಸರಲ್ಲಿ ಎಲ್ಲರೂ ಹಂಚ್ತಾರೆ. ನಾನು ಭದ್ರಾವತಿಯಿಂದ ಹೊತ್ಕೊಂಡು ಬಂದಿದ್ದು ನಿಮ್ಮೋರ ಹೆಸರಲ್ಲಿ. ತಗೋ. ತಲೆ ಎತ್ಕೊಂಡು ತಿನ್ನು."

ಅವಳು ತಗೊಂಡಳು. ಅರ್ಧ ತಿಂದು ಮತ್ತೆ ಅತ್ತಳು, ಈ ಸಲ ನಗುತ್ತಾ. ಆಮೇಲೆ ಮಾಮ ಮತ್ತು ಅವಳು ಡಬ್ಬ ಹಿಡಿದು ನಮ್ಮ ಬೀದಿಯ ಮನೆಮನೆಗೂ ಹೋದರು. ನಾನು ಗೇಟಿನ ಹತ್ತಿರ ನಿಂತು ನೋಡಿದೆ. ಇಸ್ತ್ರಿ ಅಂಗಿಯ ಮುದುಕರು ಮುಂದೆ, ಆ ಎತ್ತರದ ಹುಡುಗಿ ಹಿಂದೆ. ಒಂದು ದೇಶ ನಮ್ಮ ಬೀದಿಯಲ್ಲಿ ಸಿಹಿ ಹಂಚುತ್ತಾ ಹೋಗುತ್ತಿತ್ತು. ಪ್ರತಿ ಬಾಗಿಲಲ್ಲೂ ಮಾಮ ಅದೇ ಮಾತನ್ನು ಅಷ್ಟೇ ಹೆಮ್ಮೆಯಿಂದ ಹೇಳಿದರು. ರೂಮು ಬಿಡಿಸುವ ಮಾತನ್ನು ಅಮ್ಮ ಮತ್ತೆ ಎತ್ತಲಿಲ್ಲ. ಬೆತ್ತದ ಕುರ್ಚಿಯೂ ಟಿವಿಯ ಮುಂದೆಯೇ ಉಳಿಯಿತು. ಅಪ್ಪ ಈಗ ಸೋಫಾದ ಮೇಲೆ ಕೂರುತ್ತಾರೆ.

ಮಾಮ ಈ ಚಳಿಗಾಲದಲ್ಲಿ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾವೆಲ್ಲ ಭದ್ರಾವತಿಗೆ ಹೋದೆವು, ಅವಳೂ ಬಂದಳು. ಅವರಿಗೆ ಹೊಸ ಇಸ್ತ್ರಿಯ ಅಂಗಿ ತೊಡಿಸಿದ್ದರು. ಅವಳು ಕಾಲಿನ ಹತ್ತಿರ ಕುಳಿತು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅಲ್ಲಿದ್ದವರಲ್ಲಿ ಅದು ಅರ್ಥವಾಗಬಹುದಾಗಿದ್ದುದು ಮಾಮನೊಬ್ಬರಿಗೇ. ಅತ್ತೆ ಅವಳ ತಲೆ ಸವರಿ, "ಅವರ ತವರಿಂದ ನೀನಾದ್ರೂ ಬಂದ್ಯಲ್ಲ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕುಳಿತಿದ್ದಳು. ಮಾಚೇನಹಳ್ಳಿ ದಾಟಿದ ಮೇಲೆ ಹೇಳಿದಳು: ಅವಳ ಊರಿನಿಂದ ಇನ್ನೊಬ್ಬ ಹುಡುಗಿ ಓದಲು ಬರುತ್ತಿದ್ದಾಳೆ, ರೂಮು ಕೇಳಿದಲ್ಲೆಲ್ಲ ಇಲ್ಲವೆನ್ನುತ್ತಿದ್ದಾರೆ, ಮಾಮನನ್ನು ಕೇಳಬೇಕೆಂದಿದ್ದಳಂತೆ. ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕುಳಿತೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಂಗಿಗೆ ಇಸ್ತ್ರಿ ಹಾಕಿದೆ. ಎಷ್ಟೋ ವರ್ಷದಿಂದ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದರೂ ಒಂದು ದಿನವೂ ನಾನಾಗಿ ಹೊಕ್ಕಿರದ ಪಕ್ಕದ ಮನೆಯ ಗೇಟು ತೆಗೆದೆ. ಆಂಟಿ ರಂಗೋಲಿ ಹಾಕಿ ಕೈ ತೊಳೆಯುತ್ತಿದ್ದರು.

"ಏನೇ, ಅಪರೂಪಕ್ಕೆ?" ಎಂದರು.

"ನಿಮ್ಮ ಹಿಂದಿನ ಪೋರ್ಷನ್ ಖಾಲಿ ಇದೆಯಲ್ಲ ಆಂಟಿ" ಎಂದೆ. "ನಿಮ್ಮ ಹತ್ರ ಒಂದು ಕೇಳಕ್ಕೆ ಬಂದೆ."

ಅವರು ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನೇ ನೋಡಿದರು. ಆಮೇಲೆ ಒಳಗಿನಿಂದ ಒಂದು ಕುರ್ಚಿ ತಂದು ಹಾಕಿದರು. ನಾನು ಕುಳಿತೆ.