ಗೂಬೆಯ ಉಂಡೆ ಒಡೆಯುತ್ತಿದ್ದ ಅತ್ತೆ

ಅತ್ತೆಯವರ ಬಲಗೈ ಹೆಬ್ಬೆರಳಿನ ಉಗುರು ದಪ್ಪಗೆ, ಗಿಣಿಯ ಕೊಕ್ಕಿನಂತೆ ಬಾಗಿತ್ತು. ತೊಗರಿಕಾಯಿ ಸೀಳಲಿಕ್ಕೂ ಅದೇ, ಗೂಬೆ ಕಾರಿದ ಉಂಡೆ ಒಡೆಯಲಿಕ್ಕೂ ಅದೇ. ತುರೋರಿ ಊರಿನ ನಮ್ಮ ಹೊಲದ ಹಾಳುಬಾವಿಯ ಗೋಡೆಯಲ್ಲಿ ಒಂದು ಜೋಡಿ ಗೂಬೆಗಳಿದ್ದವು. ಇಲಿಯನ್ನು ಇಡಿಯಾಗಿ ನುಂಗಿ, ಕೂದಲು ಎಲುಬನ್ನೆಲ್ಲ ಉಂಡೆ ಮಾಡಿ ಕಾರುತ್ತಿದ್ದವು. ಅತ್ತೆ ಅದನ್ನು ಬಿಡಿಸಿ ಪುಟ್ಟ ಬುರುಡೆಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಡುವುದನ್ನು ನೋಡಿ, ಹೊಸ ಸೊಸೆಯಾಗಿದ್ದ ನಾನು ಹೇಸಿದ್ದೆ.

"ದಿನಾ ಮೂರ್ನಾಕ ಇಲಿ ನುಂಗ್ತದ. ಮತ್ತ ಗೂಗಿ ಯಾಕ ಎಮ್ಮಿಯಷ್ಟ ಆಗಿಲ್ಲ?" ಎಂದು ಒಮ್ಮೆ ಕೇಳಿದರು.

ನಾನು ಬಿ.ಎಸ್ಸಿ. ಓದಿದವಳು. ಯಾವುದೇ ಪ್ರಾಣಿ ತಿಂದದ್ದರಲ್ಲಿ ಬಹುಪಾಲು ಅದರ ಓಡಾಟಕ್ಕೆ, ಮೈ ಬಿಸಿಗೆ ಕರಗಿಹೋಗುತ್ತದೆ, ಅದನ್ನು ತಿನ್ನುವ ಮುಂದಿನ ಪ್ರಾಣಿಗೆ ಸಿಗುವುದು ಸ್ವಲ್ಪವೇ ಎಂದೆ. ಶಾಲೆಯನ್ನೇ ಕಾಣದ ಅತ್ತೆ ತಲೆಯಾಡಿಸಿದರು.

"ಬರೋಬರ. ಅದಕ್ಕ ಹೊಲದ ತುಂಬ ತೆನಿ, ಬದುವಿನ ತುಂಬ ಇಲಿ, ಗೂಗಿ ಮಾತ್ರ ಎರಡ."

ಆ ಚಳಿಗಾಲ ಅವರು ಒಂದು ವಾರ ತವರಿಗೆ, ಕಾಸಾರಶಿರಸಿಗೆ ಹೋಗಿದ್ದರು. ಇಲಿಗಳು ಜೋಳದ ದಂಟು ಕಡಿಯತೊಡಗಿದವು. ಜಾಣೆ ಎನಿಸಿಕೊಳ್ಳುವ ಆಸೆಗೆ ನಾನು ಯಾರನ್ನೂ ಕೇಳದೆ ಹಿಟ್ಟಿನಲ್ಲಿ ಇಲಿಪಾಷಾಣ ಕಲಸಿ ಬಿಲಗಳ ಬಾಯಲ್ಲಿಟ್ಟೆ. ಅತ್ತೆ ಮರಳಿದ ದಿನ ಬಾವಿಯ ಬಳಿ ಒಂದು ಗೂಬೆ ರೆಕ್ಕೆ ಹರಡಿ ಸತ್ತು ಬಿದ್ದಿತ್ತು.

ಅದನ್ನು ಸೆರಗಿನಲ್ಲಿ ಎತ್ತಿಕೊಂಡರು. ನಾನು ಅಳುತ್ತ ಒಪ್ಪಿಕೊಂಡೆ.

"ನೀ ಇಟ್ಟಿದ್ದು ಇಲಿಗಿ. ಜ್ವಾಳದ ಸತ್ವ ಹೋದ ದಾರಿ ಹಿಡದೇ ವಿಷಾನೂ ಹೋತು. ಸತ್ವ ಸವೀತದ, ವಿಷ ಸವೀಲಿಲ್ಲ ನೋಡು" ಎಂದರು. ಬೈದದ್ದು ಅಷ್ಟೇ.

ಹೊಲದಲ್ಲಿ ಗೂಬೆ ಸತ್ತರೆ ಮನೆಗೆ ಕೇಡು ಎಂದು ನಂಬಿದ್ದ ಮಾವ, "ಪಾಷಾಣ ಯಾರು ಇಟ್ಟೀರಿ?" ಎಂದು ಗುಡುಗಿದರು.

"ಹೋಗೂ ಮುಂದ ನಾನ ಆಕಿಗಿ ಇಡು ಅಂತ ಹೇಳಿ ಹೋಗಿದ್ದೆ" ಎಂದರು ಅತ್ತೆ, ರೊಟ್ಟಿ ತಟ್ಟುವ ಕೈ ನಿಲ್ಲಿಸದೆ. ಮಾವ ಅವರೊಡನೆ ಎಂಟು ದಿನ ಮಾತು ಬಿಟ್ಟರು.

ಉಳಿದ ಗೂಬೆಯೂ ಹಾರಿಹೋಯಿತು. ಮರುವರ್ಷ ಇಲಿಗಳು ಅರ್ಧ ಬೆಳೆ ತಿಂದವು. ಹಕ್ಕಿ ಬಂದು ಕೂರಲೆಂದು ನಾವಿಬ್ಬರೂ ಹೊಲದ ನಡುವೆ ಕವಲುಗೋಲು ನೆಟ್ಟೆವು. ಮೂರನೇ ಚಳಿಗಾಲ ಒಂದು ಕೋಲಿನ ಬುಡದಲ್ಲಿ ಹಸಿ ಉಂಡೆ ಸಿಕ್ಕಿತು. ಅತ್ತೆ ಅದನ್ನು ನನ್ನ ಅಂಗೈಗೆ ಹಾಕಿ, "ನೀ ಒಡಿ" ಎಂದರು. ಒಡೆದೆ. ಹೇಸಿಕೆ ಎನಿಸಲಿಲ್ಲ.

ಕಳೆದ ವರ್ಷ ಅತ್ತೆ ತೀರಿಕೊಂಡರು. ಹೊಲದಲ್ಲೇ ಮಣ್ಣು ಮಾಡಿದೆವು. ಆ ಸಂಜೆ ಮಾವನ ಮುಂದೆ ಕೂತು, ಪಾಷಾಣ ಇಟ್ಟದ್ದು ನನ್ನದೇ ಬುದ್ಧಿ ಎಂದು ಹೇಳಿಬಿಟ್ಟೆ. ಅವರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಆಕಿಗಿ ಸುಳ್ಳ ಹೇಳ್ಲಾಕ ಬರ್ತಿದ್ದಿಲ್ಲ, ಯವ್ವಾ. ನನಗ ಅವತ್ತೇ ತಿಳದಿತ್ತು."

"ಮತ್ತ ಎಂಟ ದಿನ ಮಾತ ಯಾಕ ಬಿಟ್ರಿ?" ಎಂದೆ.

"ಆಕಿ ಹೇಳಿದ್ದು ನಾ ನಂಬೀನಿ ಅಂತ ಅನಸಬೇಕಿತ್ತಲ್ಲ" ಎಂದರು ಮಾವ.