ಗುಲಾಬಿ ಜೋಳ

ಹಳೆಯ ಪತ್ತೇದಾರಿ ಕಾದಂಬರಿಯೊಂದನ್ನು ಸಿನಿಮಾ ಮಾಡಲು ಹೊರಟಿದ್ದೆವು. ಮೂಲದಲ್ಲಿ ಪಟ್ಟಣದ ಬಂಗಲೆ, ಚಹಾದಲ್ಲಿ ವಿಷ. ನಿರ್ದೇಶಕ ತಾಂಡೂರಿನವನು, ನನ್ನ ಕಾಲೇಜು ಗೆಳೆಯ. ಕತೆ ನಮ್ಮ ಕಡೆಯದಾಗಬೇಕು ಎಂದ. ಚಿತ್ರಕತೆ ನನ್ನ ಪಾಲಿಗೆ ಬಂತು. ಅದೇ ಸೀಮೆಯ ಜಹೀರಾಬಾದಿನವಳಾದ ನನಗೆ ಗೊತ್ತಿಲ್ಲದ್ದೇನಿದೆ ಎಂಬ ಜಂಬ ಬೇರೆ. ಚಹಾ ತೆಗೆದು ರೊಟ್ಟಿ ಹಾಕಿದೆ: ಸೊಸೆ, ಹುಳ ಹಿಡಿಯದಂತೆ ಗುಲಾಬಿ ಬಣ್ಣದ ವಿಷದ ಔಷಧಿ ಹಚ್ಚಿದ ಬಿತ್ತನೆ ಜೋಳ ಬೀಸಿ, ಅತ್ತೆಗೆ ರೊಟ್ಟಿ ಬಡಿದು ಕೊಡುತ್ತಾಳೆ. ನಿರ್ದೇಶಕ ಬೆನ್ನು ತಟ್ಟಿದ.

ಪಸ್ತಾಪುರದ ಹತ್ತಿರ ಒಬ್ಬ ರೈತ ಹೆಂಗಸಿನ ಮನೆಯಲ್ಲಿ ಚಿತ್ರೀಕರಣ. ಅಸಲಿ ಬಣ್ಣವೇ ಬೇಕೆಂದು ಹಟ ಹಿಡಿದವಳು ನಾನೇ. ನಾರಾಯಣಖೇಡದ ಅಂಗಡಿಯಿಂದ ಔಷಧಿ ಹಚ್ಚಿದ ಗುಲಾಬಿ ಜೋಳ ತಂದು, ಡಬ್ಬಿಗೆ ತುಂಬಿ, ಆಕೆಯ ಅಡುಗೆಮನೆಯ ಗೂಡಿನಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಮಧ್ಯಾಹ್ನ ಆಕೆ ಎಲ್ಲರಿಗೂ ರೊಟ್ಟಿ ಬಡಿದು ಹಾಕಿದರು. ನಾನು ಮೂರು ತಿಂದೆ. ಕೈ ತೊಳೆಯಲು ಒಳಗೆ ಹೋದರೆ ಡಬ್ಬಿ ಖಾಲಿ. ತೊಳೆದು ಬೋರಲು ಹಾಕಿತ್ತು, ಪಕ್ಕದಲ್ಲೇ ಹಿಟ್ಟು ನಾದಿದ ಪರಾತ.

ರೊಟ್ಟಿ ತುಸು ಕೆಂಪಗಿತ್ತೇ? ಇತ್ತು. ಸಾಯುವಾಗ ಅತ್ತೆಗೆ ಏನೇನಾಗುತ್ತದೆಂದು ಬರೆದವಳು ನಾನೇ: ಬೆವರು, ಬಾಯಲ್ಲಿ ನೀರು, ಕೈನಡುಕ. ಮೂರೂ ನನಗೆ ಶುರುವಾದವು, ಬರೆದ ಕ್ರಮದಲ್ಲೇ. ಅಂಗಳದಲ್ಲಿ ನಮ್ಮವರು ಒಂಬತ್ತು ಮಂದಿ ತೇಗುತ್ತ ಕೂತಿದ್ದರು. ಆಕೆಯ ಪುಟ್ಟ ಮೊಮ್ಮಗಳು ಕಡೆಯ ತುಂಡಿಗೆ ಬೆಲ್ಲ ಹಚ್ಚಿಕೊಳ್ಳುತ್ತಿದ್ದಳು. ಓಡಿಹೋಗಿ ಅದನ್ನು ಕಸಿದುಕೊಂಡೆ. ಮಗು ಅಳತೊಡಗಿತು. ಇವರನ್ನೆಲ್ಲ ನಾನು ಕೊಂದೆ ಎಂದುಕೊಂಡೆ. ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ.

“ಡಬ್ಬ್ಯಾಗಿನ ಜೋಳ ಏನ್ ಮಾಡಿದ್ರಿ?” ಎಂದು ಆಕೆಯನ್ನು ಕೇಳಿದೆ.

“ಬುಟ್ಟ್ಯಾಗ ಹಾಕಿ ಅಟ್ಟದ ಮ್ಯಾಲ ಇಟ್ಟೀನ್ರಿ. ಬೀಜ ಅಲ್ರಿ ಅದು? ಉಣ್ಣೋ ಕಾಳಿನ ಬಾಜೂಕ ಇಡ್ತಾರೇನು?”

“ಮತ್ತ ರೊಟ್ಟಿ ಕೆಂಪಗಿತ್ತು?”

“ನಮ್ಮ ಹೊಲದ ಕೆಂಪು ಜೋಳದ್ದು. ಯಾಕ್ರಿ, ಸೇರಲಿಲ್ಲೇನು?”

ಏಣಿ ಹತ್ತಿ ನೋಡಿದೆ. ಬುಟ್ಟಿ ತುಂಬ ಗುಲಾಬಿ ಕಾಳು. ಇಳಿದು ಕಂಬಕ್ಕೆ ಒರಗಿ ಕೂತು, ನನ್ನ ಕೊಲೆಯ ಕತೆ ಹೇಳಿದೆ. ಆಕೆ ನಗಲಿಲ್ಲ.

“ಬಿತ್ತೋ ಬೀಜಕ್ಕ ಸೊಸಿ ಕೈ ಹಚ್ಚಿದ್ರ ಅತ್ತಿಗಿ ಗೊತ್ತಾಗಂಗಿಲ್ಲೇನ್ರಿ? ಉಪಾಸ ಬಿದ್ರೂ ಬೀಜ ಬೀಸಂಗಿಲ್ಲ ನಾವು. ನೀವು ಈ ಕಡಿಯವರೇ ಅಂದಿದ್ರಲ್ಲ?”

ನಿರ್ದೇಶಕ ನನ್ನ ಮುಖ ನೋಡಿದ. ಆ ದೃಶ್ಯವನ್ನು ಅಲ್ಲೇ ಕೂತು ಹೊಡೆದುಹಾಕಿದೆ.

ಸಂಜೆ ಹೊರಡುವ ಮುಂಚೆ ಆಕೆ ಮತ್ತೆ ಬಿಸಿ ರೊಟ್ಟಿ ತಂದಿಟ್ಟರು. ಎಲ್ಲ ಗೊತ್ತಿದ್ದೂ ನನ್ನ ಕೈ ತಟ್ಟೆಗೆ ಹೋಗಲಿಲ್ಲ. ಆಕೆ ಅದನ್ನು ನೋಡಿದರು. ನನ್ನ ರೊಟ್ಟಿಯ ಅಂಚು ಮುರಿದು, ಮೊದಲು ತಾವು ತಿಂದರು.