ತೆಂಗಿನೆಣ್ಣೆ ಹಚ್ಚಿದ ಗ್ಲೋವ್

ಮೊನ್ನೆ ಶನಿವಾರ ಮಗಳನ್ನು ಕರೆದುಕೊಂಡು ಐಸ್ ಹಾಕಿ ನೋಡಲು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬರು ತಮ್ಮ ಮಗುವಿನ ಉಣ್ಣೆ ಟೋಪಿ ತೆಗೆದರು. ಎರಡು ಜಡೆ, ತಲೆ ತುಂಬ ತೆಂಗಿನೆಣ್ಣೆ. ಆ ಕೊರೆಯುವ ಗಾಳಿಯಲ್ಲಿ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಆಟ ಮರೆತೇಹೋಯಿತು. ಮೆಲ್ಬರ್ನಿನ ಟ್ರುಗನಿನಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು...

ಉಡುಪಿ ಕಡೆಯವರು. ಚೈಲ್ಡ್‌ಕೇರ್ ಒಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಮಗ ಸಿಡ್ನಿಗೆ ಹೋದ ಮೇಲೆ ಅವರ ಮನೆಯಲ್ಲಿ ಒಂದು ರೂಮು ಖಾಲಿಯಿತ್ತು. ಇಲ್ಲಿನ ಐಸ್ ಹಾಕಿ ಲೀಗಿನಲ್ಲಿ ಹೊರದೇಶದಿಂದ ಬರುವ ಆಟಗಾರರನ್ನು ಸೀಸನ್ ಮುಗಿಯುವವರೆಗೆ ಊರಿನವರ ಮನೆಗಳಲ್ಲೇ ಇಳಿಸುವ ರೂಢಿಯುಂಟು. ಆಟದ ಹುಚ್ಚು ಹಿಡಿಸಿಕೊಂಡಿದ್ದ ನಾನು, ಕ್ಲಬ್ಬಿನವರು ಮನೆ ಹುಡುಕುತ್ತಿರುವ ಸುದ್ದಿಯನ್ನು ಆಂಟಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಅನ್ನ ಸಾರು ತಿಂತಾನಾ ಮಾರಾಯ?"

ತಿನ್ನುತ್ತಿದ್ದ. ಕೆನಡಾದಿಂದ ಬಂದ ಆ ಗೋಲ್‌ಕೀಪರ್ ಬಾಗಿಲು ದಾಟಲು ತಲೆ ತಗ್ಗಿಸಬೇಕಾದಷ್ಟು ಎತ್ತರ. ನೀರುದೋಸೆ ಹುಯ್ಯುವವರ ಕೈ ಸೋಲಬೇಕೇ ಹೊರತು ಅವನ ಹೊಟ್ಟೆ ಸೋಲುತ್ತಿರಲಿಲ್ಲ. ಮೊಣಕಾಲಿಗೆ ಪೆಟ್ಟಾಗಿ ಅಲ್ಲಿನ ತಂಡ ಅವನ ಕೈಬಿಟ್ಟಿತ್ತು. ಇಲ್ಲಿ ಚೆನ್ನಾಗಿ ಆಡಿದರೆ ಮುಂದಿನ ಸೀಸನ್ನಿಗೂ ಕರೆಯುತ್ತಾರೆ. ಇಲ್ಲದಿದ್ದರೆ ಆಟಕ್ಕೆ ಕೈಮುಗಿದು, ಅಪ್ಪನ ಜೊತೆ ಮನೆಗಳಿಗೆ ಸೂರು ಹೊದಿಸುವ ಕೆಲಸ. ಇದನ್ನು ಅವನು ಆಂಟಿಗೆ ಹೇಳಿದ್ದ, ಆಂಟಿ ನನಗೆ ಹೇಳಿದ್ದರು. ಆಮೇಲೆ ಅವರು ಮೆಲ್ಬರ್ನಿನ ಒಂದು ಆಟವನ್ನೂ ತಪ್ಪಿಸಲಿಲ್ಲ. ಜಾಕೆಟ್ಟಿನ ಮೇಲೆ ಶಾಲು ಹೊದ್ದು ನನ್ನ ಪಕ್ಕ ಕೂರುತ್ತಿದ್ದರು. ಪಕ್ ಅನ್ನುವ ಆ ಗಟ್ಟಿ ರಬ್ಬರಿನ ಬಿಲ್ಲೆ ಅವನತ್ತ ಹಾರಿತೆಂದರೆ ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುವರು. ಗೋಲ್ ಆಯಿತೋ ಉಳಿಯಿತೋ ನಾನೇ ಹೇಳಬೇಕು.

ತಂಡ ಗೆಲ್ಲುತ್ತಾ ಹೋಯಿತು. ಗೆಲ್ಲುತ್ತಿರುವಾಗ ತೊಟ್ಟದ್ದನ್ನು ಒಗೆಯಬಾರದು ಎಂಬುದು ಅವನ ನಂಬಿಕೆ. ಗ್ಯಾರೇಜಿನಲ್ಲಿ ಅವನ ಚೀಲ ಇದ್ದ ಮೂಲೆಗೆ ಬೆಕ್ಕು ಕೂಡ ಸುಳಿಯುತ್ತಿರಲಿಲ್ಲ. ಆಂಟಿ ಹೇಗೋ ತಡೆದುಕೊಂಡಿದ್ದರು. ನಾಗರ ಪಂಚಮಿಯ ಹಿಂದಿನ ದಿನ ಮಾತ್ರ ಆಗಲಿಲ್ಲ. ಇಡೀ ಮನೆ ತೊಳೆದವರು ಆ ನಾತವೊಂದನ್ನು ಹೇಗೆ ಬಿಟ್ಟಾರು? ಅವನು ಜಿಮ್ಮಿಗೆ ಹೋಗಿದ್ದಾಗ ಬಟ್ಟೆಗಳ ಜೊತೆ, ಪಕ್ ಹಿಡಿಯುವ ದೊಡ್ಡ ಚರ್ಮದ ಗ್ಲೋವನ್ನೂ ಬಿಸಿನೀರಿನಲ್ಲಿ ನೆನೆಹಾಕಿ, ಉಜ್ಜಿ, ಹೀಟರಿನ ಮುಂದೆ ಒಣಗಿಸಿಬಿಟ್ಟರು. ಗ್ಲೋವ್ ಒಣಗಿದ ಕೊಬ್ಬರಿಯ ಹಾಗೆ ಸೆಟೆದುಕೊಂಡಿತು.

ಅವನು ಬಂದು ನೋಡಿದ. ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಆ ವಾರದ ಕೊನೆಗೆ ಸಿಡ್ನಿಯಲ್ಲಿ ಆಟ, ಗೆದ್ದರೆ ಫೈನಲ್ಸ್. ಹೊಸ ಗ್ಲೋವ್ ಕೈಗೆ ಪಳಗಲು ತಿಂಗಳುಗಳೇ ಬೇಕಂತೆ. ವಿಷಯ ತಿಳಿದು ಹೋದ ನನಗೆ ಆಂಟಿಯ ಮುಖ ನೋಡಲಾಗಲಿಲ್ಲ.

"ಚರ್ಮ ಅಲ್ವಾ, ಎಣ್ಣೆ ಕುಡಿಸಿದ್ರೆ ಮೆತ್ತಗಾಗ್ತದೆ," ಎಂದರು ಕೊನೆಗೆ. ತೆಂಗಿನೆಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಅಡುಗೆಮನೆಯ ಬೆಚ್ಚಗಿನಲ್ಲಿ ಕೂತು ಹಚ್ಚಿದರು, ತಿಕ್ಕಿದರು, ಮತ್ತೆ ಹಚ್ಚಿದರು. ನಿಜಕ್ಕೂ ಮೆತ್ತಗಾಯಿತು. ಅವನು ಕೈಗೆ ಹಾಕಿಕೊಂಡು ಅಗಲಿಸಿ ಮುಚ್ಚಿ ನೋಡಿ ನಕ್ಕ. ಆಂಟಿಯ ಕಣ್ಣಲ್ಲಿ ನೀರು.

ಸಿಡ್ನಿಯ ಆಟಕ್ಕೆ ನಾವಿಬ್ಬರೂ ಹೋದೆವು. ಸ್ಕೋರು ಕೊನೆಯವರೆಗೂ ಸಮಸಮ. ಆಟ ಮುಗಿಯಲು ಇನ್ನೇನು ಸ್ವಲ್ಪ ಇದೆ ಅನ್ನುವಾಗ ಪಕ್ ಅವನತ್ತ ಹಾರಿತು. ಕೈ ಚಾಚಿದ. ಗ್ಲೋವಿಗೆ ಬಡಿಯಿತು, ಗ್ಲೋವ್ ಮುಚ್ಚಿಕೊಳ್ಳಲಿಲ್ಲ. ಹಲಗೆಗೆ ಬಡಿದ ಹಾಗೆ ಪುಟಿದು ಅವನ ಬೆನ್ನ ಹಿಂದೆ ಬಲೆಗೆ ಬಿತ್ತು. ಪಕ್ಕದಲ್ಲಿ ಆಂಟಿ ಮುಖ ಮುಚ್ಚಿಕೊಂಡಿದ್ದರು...

ಸೋತು ಹೊರಗೆ ಬಂದವನು ನೇರವಾಗಿ ಆಂಟಿಯ ಹತ್ತಿರ ಬಂದ. ಗ್ಲೋವಿನದೇನೂ ತಪ್ಪಿಲ್ಲ, ಕಾಲಿನ ಸಂದಿಯಿಂದ ನುಸುಳಿಹೋಯಿತು ಎಂದ. ಆಂಟಿ ನನ್ನತ್ತ ನೋಡಿದರು. ನಾನೂ ಹೌದೆಂದು ತಲೆಯಾಡಿಸಿದೆ.

ಆ ರಾತ್ರಿ ಕ್ವೇಕರ್ಸ್ ಹಿಲ್‌ನಲ್ಲಿ ಅವರ ಮಗನ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಆಂಟಿ ಬಚ್ಚಲಿನಿಂದ ಎಣ್ಣೆಯ ಬಾಟಲಿ ಹಿಡಿದು ಬಂದರು. ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲಿಲ್ಲ. ಒಳಗೆ ಎಣ್ಣೆ ಇಲ್ಲಿನ ಚಳಿಗಾಲಕ್ಕೆ ಹೆಪ್ಪುಗಟ್ಟಿ ಬೆಳ್ಳಗೆ, ಕಲ್ಲಿನ ಹಾಗೆ ಕೂತಿತ್ತು. ಬಹಳ ಹೊತ್ತು ಅದನ್ನೇ ನೋಡಿದರು.

"ದಿನಾ ಇದನ್ನು ಕರಗಿಸುದು ನಾನೇ ಅಲ್ವಾ ಮಾರಾಯ," ಎಂದರು. "ಮಂಜುಗಡ್ಡೆ ಮೇಲೆ ಎಂತ ಆಗ್ತದೆ ಅಂತ ಹೊಳಿಲೇ ಇಲ್ಲ."

ಬಾಟಲಿಯನ್ನು ಹಾಗೇ ಒಳಗೆ ಇಟ್ಟು ಬಂದರು.

ಕ್ಲಬ್ಬು ಅವನನ್ನು ಮತ್ತೆ ಕರೆಯಲಿಲ್ಲ. ಮರುವರ್ಷ ಸೀಸನ್ ಶುರುವಾದಾಗ ಆಂಟಿಯನ್ನು ಕರೆದೆ. ಚಳಿ ತಡೆಯಲಿಕ್ಕೆ ಆಗುವುದಿಲ್ಲ ಎಂದರು. ಅದರ ಮರುವರ್ಷವೂ ಅದೇ ಮಾತು. ನಾನು ಕರೆಯುವುದನ್ನು ಬಿಟ್ಟೆ. ಅವನ ಸುದ್ದಿ ಬಂದರೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋಗುತ್ತಿದ್ದರು... ಕಳೆದ ವರ್ಷ ಆಂಟಿ ತೀರಿಕೊಂಡರು. ಅವನಿಗೆ ಮೆಸೇಜಿನಲ್ಲಿ ತಿಳಿಸಿದ್ದೆ, ಅಷ್ಟೆ.

ಶನಿವಾರದ ಆಟದಿಂದ ಬಂದವನು ಭಾನುವಾರ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. ಈಗಲೂ ಸೂರಿನ ಕೆಲಸವಂತೆ, ಬಿಡುವಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನಂತೆ. ಆಂಟಿಯ ಮಾತು ಬಂದಾಗ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದ. ಆ ಸೀಸನ್ನಿನಲ್ಲಿ ಅವನ ಕೈಯೇ ನಿಧಾನವಾಗಿತ್ತಂತೆ. ಗ್ಲೋವ್ ಬೆಣ್ಣೆಯಂತಿದ್ದರೂ ಆ ಪಕ್ ಸಿಗುತ್ತಿರಲಿಲ್ಲವಂತೆ. ಕೆನಡಾಕ್ಕೆ ಹೊರಟ ದಿನ ಏರ್‌ಪೋರ್ಟಿನಲ್ಲಿ ಆಂಟಿಗೆ ಇದನ್ನೇ ಬಿಡಿಸಿ ಹೇಳಿದ್ದನಂತೆ.

"ನನ್ನ ಕೆನ್ನೆ ತಟ್ಟಿದರು," ಎಂದ ಇಂಗ್ಲಿಷಿನಲ್ಲಿ. "ಇದೂ ಆ ಕಾಲಿನ ಸಂದಿಯ ಕಥೆ ಇದ್ದ ಹಾಗೆ ತಾನೇ ಅಂದರು."

ಆಮೇಲಾದರೂ ಆಂಟಿ ನಂಬಿದರಾ, ಪಕ್ಕದಲ್ಲೇ ಇದ್ದವನು ನೀನು, ನಿನಗೆ ಗೊತ್ತಿರಬೇಕು ಎಂದ.

ಅದನ್ನು ನಾನು ಆಂಟಿಯ ಹತ್ತಿರ ಒಮ್ಮೆಯೂ ಕೇಳಿರಲಿಲ್ಲ. ಫೋನ್ ಕಿವಿಗೆ ಹಿಡಿದೇ ಕಿಟಕಿಯಿಂದ ನೋಡಿದೆ. ಆಂಟಿಯ ಅಡುಗೆಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ಆ ಮನೆಗೆ ಹೊಸಬರು ಬಂದು ಆಗಲೇ ಕೆಲವು ತಿಂಗಳಾಗಿದೆ. ನಾನಿನ್ನೂ ಅವರ ಹೆಸರು ಕೇಳಿಲ್ಲ.